ಲೆಕ್ಕಕ್ಕೆ ಬಾರದ ಹಾಲು: ದಾವಣಗೆರೆ ಹರಿಹರಗಳ ಮನೆಯಾಡು

ದಾವಣಗೆರೆಯ ಹೆಸರನ್ನು ಎತ್ತಿದೊಡನೆಯೇ ಕೇಳುವವರ ಮನಸ್ಸಿನಲ್ಲಿ ಮೊದಲು ಮೂಡುವುದು ಬೆಣ್ಣೆ. ಸ್ವಲ್ಪ ವಯಸ್ಸಾದವರು ಹತ್ತಿಯ ಗಿರಣಿಗಳನ್ನು ನೆನೆಯುತ್ತಾರೆ. ಹಳೆಯ ಗ್ರಂಥಗಳನ್ನು ತಿರುವಿದ ಅಭ್ಯಾಸವುಳ್ಳವರು ಗಿರಣಿಗಳಿಗೂ ಹಿಂದಿನ ಕಂಬಳಿಯ ವ್ಯಾಪಾರವನ್ನು ಎತ್ತಿ ಹೇಳುತ್ತಾರೆ. ಬೆಣ್ಣೆ ಎಮ್ಮೆ ಆಕಳುಗಳದು, ಹತ್ತಿ ಎರೆಯ ಹೊಲದ್ದು, ಕಂಬಳಿ ಕುರಿಯದು. ಈ ಮೂರಕ್ಕೂ ಸಂತೆಯಲ್ಲಿ ಬೆಲೆಯಿತ್ತು, ಬೆಲೆಯಿದ್ದುದರಿಂದ ಸುಂಕವಿತ್ತು, ಸುಂಕವಿದ್ದುದರಿಂದ ಬರೆದಿಟ್ಟ ಲೆಕ್ಕವಿತ್ತು, ಲೆಕ್ಕವಿದ್ದುದರಿಂದ ಚರಿತ್ರೆಯಲ್ಲಿ ಸ್ಥಾನವೂ ದೊರೆಯಿತು.

ಆದರೆ ಇದೇ ಊರಿನ ಓಣಿಗಳಲ್ಲಿಯೂ, ಅನತಿದೂರದಲ್ಲಿ ತುಂಗಭದ್ರೆಯ ದಡದ ಮೇಲಿರುವ ಹರಿಹರದಲ್ಲಿಯೂ, ಸುತ್ತಣ ಹಳ್ಳಿಗಳಲ್ಲಿಯೂ ಇನ್ನೊಂದು ಪ್ರಾಣಿಯು ಬಹುಕಾಲದಿಂದ ಮನೆಯವರೊಡನೆ ಬಾಳುತ್ತ ಬಂದಿದೆ. ಹಿತ್ತಿಲಿನ ಬೇವಿನ ಮರವೇ ಅದರ ಕೊಟ್ಟಿಗೆ. ಮನೆಯ ಹೆಂಗಸರೂ ಮಕ್ಕಳೂ ಅದರ ಗೋವಳರು. ಬೆಳಗಿನ ಜಾವ ಒಂದು ಚೊಂಬಿನ ತಳ ಮುಚ್ಚುವಷ್ಟು ಹಾಲನ್ನು ಕೊಟ್ಟು ಅದು ಬೇಲಿಯ ಸೊಪ್ಪಿಗೆ ಹೊರಟುಹೋಗುತ್ತದೆ. ಅದೇ ಆಡು, ಅಥವಾ ಮೇಕೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಮಕ್ಕಳನ್ನು ಕುರಿತಾದರೂ, ಅದು ಈ ಪ್ರಾಣಿಗೆ ಸಲ್ಲುವಷ್ಟು ಚೆನ್ನಾಗಿ ಇನ್ನಾವುದಕ್ಕೂ ಸಲ್ಲದು. ಲೆಕ್ಕಕ್ಕೆ ಬಾರದ ಈ ಹಾಲಿನ ಕಥೆಯನ್ನು ಇಂದು ನಾವು ಶ್ರೋತೃಗಳ ಮುಂದೆ ಸ್ವಲ್ಪಮಟ್ಟಿಗೆ ವಿಚಾರಮಾಡಬೇಕೆಂದು ಇದ್ದೇವೆ.

ಮೊದಲು ಈ ಪ್ರಾಣಿಯ ಪ್ರಾಚೀನತೆಯನ್ನು ನೋಡೋಣ. ಮನುಷ್ಯನು ಕಾಡಿನ ಆಡನ್ನು ಒಲಿಸಿ ಮನೆಗೆ ತಂದದ್ದು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಇಂದಿನ ಇರಾನ್ ದೇಶದ ಜಾಗ್ರೋಸ್ ಪರ್ವತಗಳ ಸೀಮೆಯಲ್ಲಿ ಎಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಅಲ್ಲಿಂದ ಅದು ನಮ್ಮ ತುಂಗಭದ್ರೆಯ ದಡಕ್ಕೆ ಬಂದು ಸೇರಲು ಬಹಳ ಕಾಲ ಹಿಡಿಯಿತಾದರೂ, ಬಂದುದು ಈಚೆಗೇನೂ ಅಲ್ಲ. ಹರಿಹರಕ್ಕೆ ಮೇಲ್ಗಡೆ, ಇದೇ ಹೊಳೆಯ ದಡದ ಮೇಲೆ, ಇಂದಿನ ಹಾವೇರಿ ಜಿಲ್ಲೆಯಲ್ಲಿ ಹಳ್ಳೂರು ಎಂಬ ಗ್ರಾಮವಿದೆ. ಅಲ್ಲಿ 1965ರಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ವಸತಿಯು ಬೆಳಕಿಗೆ ಬಂದಿತು. ದನಗಳ ಮೂಳೆಗಳೊಡನೆ ಕುರಿ ಆಡುಗಳ ಮೂಳೆಗಳೂ ಅಲ್ಲಿ ದೊರೆತವು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಕುರಿಯ ಮೂಳೆಯನ್ನೂ ಆಡಿನ ಮೂಳೆಯನ್ನೂ, ಅದರಲ್ಲಿಯೂ ಒಡೆದ ಚೂರುಗಳನ್ನು, ಒಂದರಿಂದ ಒಂದನ್ನು ಬೇರ್ಪಡಿಸುವುದು ತಜ್ಞರಿಗೂ ಕಷ್ಟ. ಆದುದರಿಂದ ಪುರಾತತ್ತ್ವದ ವರದಿಗಳಲ್ಲಿ ಇವೆರಡನ್ನೂ ಕೂಡಿಸಿ ಒಂದೇ ಕಲಮಿನಲ್ಲಿ ಬರೆಯುವುದು ರೂಢಿಯಾಗಿದೆ. ಹೀಗೆ ಮೂರು ಸಾವಿರ ವರ್ಷಗಳಿಗೂ ಹಿಂದಿನ ಆ ಮಣ್ಣಿನಲ್ಲಿಯೇ ನಮ್ಮ ಆಡಿಗೆ ಸ್ವಂತ ಹೆಸರು ಇಲ್ಲದೆ ಹೋಯಿತು. ಮುಂದೆಯೂ ಅದರ ಹಣೆಬರಹ ಇದಕ್ಕಿಂತ ಹೆಚ್ಚು ಬೇರೆಯಾಗಲಿಲ್ಲ.

ವೈದ್ಯಶಾಸ್ತ್ರವಾದರೋ ಇದನ್ನು ಮರೆಯಲಿಲ್ಲ. ಆಯುರ್ವೇದದ ಆಚಾರ್ಯರು ಆಡಿನ ಹಾಲನ್ನು ಲಘುವೆಂದೂ, ಕ್ಷಯ ಕೆಮ್ಮು ಅತಿಸಾರಗಳಲ್ಲಿ ಹಿತವೆಂದೂ ಎಣಿಸಿದರು. ಅದಕ್ಕೆ ಅವರು ಕೊಡುವ ಕಾರಣಗಳು ಸ್ವಾರಸ್ಯವಾಗಿವೆ: ಆಡಿನ ಮೈ ಚಿಕ್ಕದು, ಅದು ಕಹಿ ಖಾರದ ಸೊಪ್ಪುಗಳನ್ನು ತಿನ್ನುತ್ತದೆ, ನೀರನ್ನು ಕಡಮೆ ಕುಡಿಯುತ್ತದೆ, ದಿನವೆಲ್ಲ ಓಡಾಡುತ್ತದೆ. ನಮ್ಮ ಜನರ ಬಾಯಲ್ಲಿ ಇದೇ ಅರಿವು ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯಾಗಿ ನಿಂತಿದೆ. ಆಡೂ ಮುಟ್ಟದ ಒಂದು ಗಿಡಕ್ಕೆ ಆಡುಸೋಗೆ ಎಂಬ ಹೆಸರೂ ಉಳಿದಿದೆ. ಆದರೆ ಔಷಧವಾಗಿ ನೆನೆಯುವುದು ಬೇರೆ, ಆಹಾರವಾಗಿ ಲೆಕ್ಕವಿಡುವುದು ಬೇರೆ. ರೋಗಿಗೆ ಬೇಕಾದಾಗ ನೆರೆಮನೆಯಿಂದ ಒಂದು ಬಟ್ಟಲು ತರಿಸಿಕೊಂಡವರು, ಆ ನೆರೆಮನೆಯ ಮಕ್ಕಳು ದಿನವೂ ಅದನ್ನೇ ಕುಡಿದು ಬೆಳೆಯುತ್ತಿದ್ದರೆಂಬುದನ್ನು ಬರೆದಿಡಲಿಲ್ಲ.

ಈಗ ರಾಜ್ಯದ ದಫ್ತರಗಳ ಕಡೆಗೆ ತಿರುಗೋಣ. ನಮ್ಮ ಮೈಸೂರು ಸಂಸ್ಥಾನದಲ್ಲಿ ಹಾಲು ಬೆಣ್ಣೆಗಳಿಗಾಗಿಯೇ ಒಂದು ಇಲಾಖೆಯಿತ್ತೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಎಂಬ ಹೆಸರಿದ್ದಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವ ಹಸುಗಳ ಮಂದೆಗಳೂ, ಅವುಗಳಿಗಾಗಿ ಮೀಸಲಾದ ಕಾವಲುಗಳೂ ಈ ಚಾವಡಿಯ ಅಧೀನದಲ್ಲಿದ್ದುವು. ಟೀಪೂ ಸುಲ್ತಾನನು ಇದರ ಹೆಸರನ್ನು ಅಮೃತಮಹಲ್ ಎಂದು ಮಾರ್ಪಡಿಸಿ, ನಿರ್ವಹಣೆಗೆ ಹುಕುಂನಾಮೆಯನ್ನು ಹೊರಡಿಸಿದನು. ಈ ತಳಿಯ ಎತ್ತುಗಳು ಯುದ್ಧಕಾಲದಲ್ಲಿ ಫಿರಂಗಿಗಳನ್ನು ಎಳೆದುವು; ಶಾಂತಿಕಾಲದಲ್ಲಿ ಹಸುಗಳು ಬೆಣ್ಣೆಯನ್ನು ಕೊಟ್ಟುವು. ಚಿತ್ರದುರ್ಗ, ಕಡೂರು, ಹಾಸನದ ಸೀಮೆಗಳಲ್ಲಿ ಇಂದಿಗೂ ಕಾವಲು ಎಂಬ ಹೆಸರಿನ ಹುಲ್ಲುಗಾವಲುಗಳು ಆ ವ್ಯವಸ್ಥೆಯ ಗುರುತಾಗಿ ಉಳಿದಿವೆ. ಹಸುವಿಗೆ ಚಾವಡಿಯಿತ್ತು, ಕಾವಲಿತ್ತು, ಹುಕುಂನಾಮೆಯಿತ್ತು. ಹಿಂಡಿನ ಯಜಮಾನನಿಂದ ಮೇವಿನ ತೆರಿಗೆಯನ್ನು ವಸೂಲುಮಾಡುವಾಗ ಮಾತ್ರ ಆಡಿನ ತಲೆಯನ್ನು ಎಣಿಸುತ್ತಿದ್ದರು. ಅದರ ಹಾಲನ್ನು ಯಾರೂ ಅಳೆಯಲಿಲ್ಲ.

ಶಾಸನಗಳಲ್ಲಿಯೂ ಹೀಗೆಯೇ. ತಮಿಳು ನಾಡಿನ ಚೋಳರ ಕಾಲದ ಶಾಸನಗಳಲ್ಲಿ ದೇವರ ಮುಂದೆ ಹಗಲಿರುಳು ಉರಿಯುವ ಒಂದು ನಂದಾದೀಪದ ತುಪ್ಪಕ್ಕಾಗಿ 90 ಅಥವಾ 96 ಆಡುಗಳನ್ನು ದತ್ತಿಯಾಗಿ ಬಿಡುತ್ತಿದ್ದುದನ್ನು ಮತ್ತೆಮತ್ತೆ ಓದುತ್ತೇವೆ. ಸತ್ತುದರ ಬದಲಿಗೆ ಮರಿಯನ್ನು ಸೇರಿಸಿ ಸಂಖ್ಯೆಯನ್ನು ಕಾಯ್ದುಕೊಳ್ಳುತ್ತಿದ್ದುದರಿಂದ ಅವುಗಳಿಗೆ ಸಾಯದ, ಮುಪ್ಪಾಗದ ಆಡುಗಳೆಂಬ ವಿಶೇಷಣವೂ ಉಂಟು. ಆದರೆ ಆಡು ಎಂಬ ಶಬ್ದವು ತಮಿಳಿನಲ್ಲಿ ಕುರಿಗೂ ಸಲ್ಲುವುದರಿಂದ, ವಿದ್ವಾಂಸರು ಅಲ್ಲಿ ಸಾಮಾನ್ಯವಾಗಿ ಕುರಿಯೆಂದೇ ಅರ್ಥಮಾಡುತ್ತಾರೆ. ಇತ್ತ ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನು. ಶಿವನೂ ವಿಷ್ಣುವೂ ಒಂದೇ ಮೂರ್ತಿಯಲ್ಲಿ ನಿಂತಿರುವ ಆ ಗುಡಿಯ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಕೂಡಿಸಿಟ್ಟಿದ್ದಾರೆ. ಕಲ್ಲಿನ ಮೇಲೆ ಕೆತ್ತಿಸುವುದು ದಾನ, ಧರ್ಮ, ವಿಜಯ, ವಂಶ ಇವುಗಳನ್ನು. ಗುಡಿಯ ಹಿಂದಿನ ಓಣಿಯಲ್ಲಿ ಒಬ್ಬ ತಾಯಿ ತನ್ನ ಕೂಸಿಗೆ ಏನನ್ನು ಕುಡಿಸಿದಳೆಂಬುದನ್ನು ಕೆತ್ತಿಸುವ ಪದ್ಧತಿ ಎಲ್ಲಿಯೂ ಇಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಗವರ್ನರ್ ಜನರಲ್ ವೆಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರ್ ಸೀಮೆಗಳನ್ನು ಸಂಚರಿಸಿದರು. ಅವರ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಹರಿಹರವನ್ನೂ ದಾವಣಗೆರೆಯನ್ನೂ ಅವರು ಕಣ್ಣಾರೆ ಕಂಡರು. ಹಿಂದೆ ಬಡಹಳ್ಳಿಯಾಗಿದ್ದ ದಾವಣಗೆರೆಯು, ಹೈದರಾಲಿಯಿಂದ ಅದನ್ನು ಜಾಗೀರಾಗಿ ಪಡೆದ ಅಪ್ಪಾಜಿರಾಮನೆಂಬ ಮರಾಠ ಸರದಾರನು ವರ್ತಕರಿಗೆ ಕೊಟ್ಟ ಉತ್ತೇಜನದಿಂದ ಬೆಳೆಯಿತೆಂದು ಅವರು ಬರೆದಿದ್ದಾರೆ. ಇಲ್ಲಿನ ಮುಖ್ಯ ಸರಕು ಕಂಬಳಿ. ಮುಂದೆ ರೈಸ್ ಸಾಹೇಬರ ಗೆಜೆಟಿಯರಿನಲ್ಲಿಯೂ ಈ ಊರಿನ ನಯವಾದ ಕಂಬಳಿಗಳ ಪ್ರಶಂಸೆಯಿದೆ. ಹಿಂದಿನ ಕಾಲದಲ್ಲಿ ಒಂದೊಂದು ಇನ್ನೂರು ಮುನ್ನೂರು ರೂಪಾಯಿ ಬೆಲೆಬಾಳುತ್ತಿದ್ದುದೂ ಉಂಟಂತೆ.

ಬುಕಾನನ್ನರು ಪ್ರಾಣಿಗಳ ವಿಷಯದಲ್ಲಿ ತುಂಬ ಎಚ್ಚರವುಳ್ಳವರು. ಮೈಸೂರು ಸೀಮೆಯ ಕುರಿಹಿಂಡುಗಳನ್ನು ವರ್ಣಿಸುವಾಗ ಅವರು ಆಡುಗಳಲ್ಲಿ ಎರಡು ಬಗೆಯನ್ನು ಹೇಳುತ್ತಾರೆ: ಉದ್ದ ಕಾಲಿನದು ಮೇಕೆ, ಗಿಡ್ಡ ಕಾಲಿನದು ಕಂಚಿಮೇಕೆ. ನೂರು ಕುರಿಗಳ ಹಿಂಡಿನೊಡನೆ ಹತ್ತಿಪ್ಪತ್ತು ಮೇಕೆಗಳು ಇರುವುದು ವಾಡಿಕೆ. ಇದರಿಂದ ಕುರಿಗಳ ಮೇವಿಗೆ ನಷ್ಟವಿಲ್ಲ, ಏಕೆಂದರೆ ಕುರಿ ನೆಲದ ಹುಲ್ಲನ್ನು ಮೇಯುತ್ತದೆ, ಮೇಕೆ ಗಿಡಮರಗಳ ಸೊಪ್ಪನ್ನು ತಿನ್ನುತ್ತದೆ. ಎರಡು ನೂರು ವರ್ಷಗಳ ಹಿಂದಿನ ಈ ಮಾತು ಇಂದಿಗೂ ಸತ್ಯ. ಆದರೆ ಬುಕಾನನ್ನರು ಕಂಪೆನಿಯ ಸರ್ಕಾರಕ್ಕಾಗಿ ಬರೆದವರು. ಸರ್ಕಾರಕ್ಕೆ ಬೇಕಾಗಿದ್ದುದು ಏನು ಬೆಳೆಯುತ್ತದೆ, ಏನು ಮಾರುತ್ತದೆ, ಎಷ್ಟು ಕಂದಾಯ ಬರುತ್ತದೆ ಎಂಬುದು. ಹಿಂಡಿನ ಮೇಕೆ ಅವರ ಕಣ್ಣಿಗೆ ಬಿದ್ದಿತು. ಹಿತ್ತಿಲಿನ ಮೇಕೆ ಬೀಳಲಿಲ್ಲ.

ಹಾಗಾದರೆ ಆಡಿನ ಹಾಲು ಸಂತೆಗೆ ಏಕೆ ಬರಲಿಲ್ಲ? ಉತ್ತರವು ಬಹುಮಟ್ಟಿಗೆ ಆ ಹಾಲಿನ ಗುಣದಲ್ಲಿಯೇ ಇದೆ. ಆಡಿನ ಹಾಲಿನಲ್ಲಿ ಕೊಬ್ಬಿನ ಕಣಗಳು ಬಹಳ ಸಣ್ಣವು. ಅಲ್ಲದೆ ಆಕಳ ಹಾಲಿನಲ್ಲಿ ಆ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮೇಲಕ್ಕೆತ್ತುವ ಒಂದು ದ್ರವ್ಯವು ಇದರಲ್ಲಿ ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಕೆನೆಯು ಬೇಗ ಕಟ್ಟುವುದಿಲ್ಲ. ಹೆಪ್ಪುಹಾಕಿದರೆ ಮೊಸರು ಸಡಿಲವಾಗಿ ನಿಲ್ಲುತ್ತದೆ, ಗಟ್ಟಿಯಾಗಿ ಕೊಯ್ಯುವಂತೆ ಆಗುವುದಿಲ್ಲ. ಸರಿಯಾಗಿ ಇದೇ ಕಾರಣಗಳಿಂದ ಆ ಹಾಲು ಮಕ್ಕಳ ಹೊಟ್ಟೆಗೆ ಹಗುರವೆಂದು ಹೆಸರಾಯಿತು. ಅದೇ ಕಾರಣಗಳಿಂದ ಕಡೆಗೋಲಿಗೆ ಒದಗದೆ ಹೋಯಿತು. ಬಿಸಿಲಿನ ನಾಡಿನಲ್ಲಿ, ಮಂಜುಗಡ್ಡೆಯಿಲ್ಲದ ಕಾಲದಲ್ಲಿ, ಹಾಲು ದೂರ ಹೋಗಬೇಕಾದರೆ ಬೆಣ್ಣೆ ತುಪ್ಪಗಳ ರೂಪದಲ್ಲಿಯೇ ಹೋಗಬೇಕಾಗಿತ್ತು. ಬೆಣ್ಣೆಯಾಗಲು ಒಲ್ಲದ ಹಾಲು ಕರೆದ ಮನೆಯಲ್ಲಿಯೇ, ಕರೆದ ದಿನವೇ ಮುಗಿಯಬೇಕಾಯಿತು. ಇಷ್ಟರ ಮೇಲೆ ಪ್ರಮಾಣವೂ ಅಲ್ಪ. ನಮ್ಮ ನಾಡ ತಳಿಯ ಆಡು ತನ್ನ ಮರಿಗಳಿಗೆ ಕುಡಿಸಿ ಮನೆಗೆ ಕೊಡುವುದು ದಿನಕ್ಕೆ ಅರ್ಧ ಲೀಟರ್. ಚೆನ್ನಾಗಿ ಮೇವು ಸಿಕ್ಕಿದರೆ ಇನ್ನು ಸ್ವಲ್ಪ ಹೆಚ್ಚು.

ಹೀಗೆ ಬೆಣ್ಣೆಯ ಊರಿನಲ್ಲಿ ಎರಡು ಬಗೆಯ ಹಾಲಿಗೆ ಎರಡು ಬಗೆಯ ಬಾಳು ಉಂಟಾಯಿತು. ಎಮ್ಮೆಯ ಹಾಲು ಪೇಟೆಗೆ ದಾರಿ ಹಿಡಿಯಿತು. ಆಡಿನ ಹಾಲು ಮನೆಯೊಳಗೆ ಉಳಿಯಿತು. ಎಮ್ಮೆಯನ್ನು ಕೊಳ್ಳಲು ಹಣ ಬೇಕು, ಕಟ್ಟಲು ಕೊಟ್ಟಿಗೆ ಬೇಕು, ಹುಲ್ಲಿನ ಬಣವೆ ಬೇಕು. ಆಡಿಗೆ ಇದಾವುದೂ ಬೇಕಿಲ್ಲ. ಹಣವಿಲ್ಲದವರು ಪಾಲಿಗೆ ಸಾಕುವ ಪದ್ಧತಿಯೂ ಇದೆ: ಒಡೆಯನ ಹೆಣ್ಣುಮರಿಯನ್ನು ತಂದು ಸಾಕಿ, ಹುಟ್ಟಿದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುವುದು. ಹೊಲವಿಲ್ಲದವಳೂ ಹೀಗೆ ಎರಡು ಮೂರು ವರ್ಷಗಳಲ್ಲಿ ಸ್ವಂತದ ನಾಲ್ಕು ಆಡುಗಳ ಒಡತಿಯಾಗಬಹುದು. ಬಡವರ ಆಕಳು ಎಂಬ ಮಾತು ಇದರಿಂದಲೇ ಹುಟ್ಟಿತು.

ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆಯಿದೆ. ಮನೆಯ ಹಿರಿಯಳಾದ ಅಜ್ಜಿಗೆ ಎಪ್ಪತ್ತು ದಾಟಿದೆ. ಮೂರು ಹೆಣ್ಣಾಡುಗಳನ್ನು ಸಾಕಿದ್ದಾರೆ. ಹೋತವನ್ನು ಮನೆಯಲ್ಲಿ ಇಟ್ಟುಕೊಂಡಿಲ್ಲ. ಅದರ ವಾಸನೆ ಹಾಲಿಗೆ ತಗಲುತ್ತದೆಂಬುದು ಅವರ ಮತ, ಅದು ನಿಜವೂ ಹೌದು. ಬೆದೆಗೆ ಬಂದಾಗ ಬೇರೆಯವರ ಹೋತದ ಬಳಿಗೆ ಹೊಡೆದುಕೊಂಡು ಹೋಗುತ್ತಾರೆ. ಆಡಿನ ಗರ್ಭ ಸುಮಾರು 150 ದಿನ. ಮೂರೂ ಒಟ್ಟಿಗೆ ಈಯದಂತೆ, ಒಂದಾದ ಮೇಲೆ ಒಂದು ಈಯುವಂತೆ ನೋಡಿಕೊಳ್ಳುವುದರಿಂದ ವರ್ಷದ ಬಹುಭಾಗ ಮನೆಯಲ್ಲಿ ಹಾಲು ತಪ್ಪುವುದಿಲ್ಲ. ರಾತ್ರಿ ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು, ಬೆಳಗ್ಗೆ ಕರೆದುಕೊಂಡ ಮೇಲೆ ತಾಯಿಯ ಬಳಿಗೆ ಬಿಡುತ್ತಾರೆ. ಬೇವು, ಜಾಲಿ, ಅಗಸೆಗಳ ಸೊಪ್ಪನ್ನು ಕಟ್ಟುಮಾಡಿ ಹಗ್ಗದಿಂದ ತೂಗುಹಾಕುತ್ತಾರೆ. ಏಕೆಂದರೆ ಎಲ್ಲ ಸೊಪ್ಪನ್ನೂ ಮುಟ್ಟುವ ಆಡು, ನೆಲಕ್ಕೆ ಬಿದ್ದು ತುಳಿದ ಸೊಪ್ಪನ್ನು ಮಾತ್ರ ಮುಟ್ಟುವುದಿಲ್ಲ. ಬೇಸಗೆಯಲ್ಲಿ ಶೇಂಗಾದ ಹೊಟ್ಟು, ತೊಗರಿಯ ಹೊಟ್ಟು. ಮೆಕ್ಕೆಜೋಳದ ನುಚ್ಚನ್ನು ಒಂದು ಹಿಡಿಗಿಂತ ಹೆಚ್ಚು ಹಾಕಿದರೆ ಹೊಟ್ಟೆಯುಬ್ಬರ ಬರುತ್ತದೆಂದು ಮೊಮ್ಮಗನನ್ನು ಗದರಿಸುತ್ತಿದ್ದುದನ್ನು ನಾವೇ ಕೇಳಿದೆವು. ನೆಲವನ್ನು ಒಣಗಿಸಿಡುವುದು, ಹಿಕ್ಕೆಯನ್ನು ಗುಡಿಸಿ ತಿಪ್ಪೆಗೆ ಹಾಕುವುದು, ಮಳೆಗಾಲಕ್ಕೆ ಮುಂಚೆ ಕರುಳುಬೇನೆಗೆ ಚುಚ್ಚುಮದ್ದು ಹಾಕಿಸುವುದು: ಇವೆಲ್ಲ ಯಾವ ಪುಸ್ತಕವನ್ನೂ ಓದದೆ ನಡೆಯುತ್ತಿರುವ ಕ್ರಮ.

ದಿನಕ್ಕೆ ಎಷ್ಟು ಹಾಲಾಗುತ್ತದೆಯೆಂದು ನಾವು ಅಭ್ಯಾಸಬಲದಿಂದ ಕೇಳಿದೆವು. ಅಜ್ಜಿ ನಕ್ಕರು.

“ಲೆಕ್ಕಾ ಇಡಾಕೆ ಇದೇನು ಡೈರಿಗೆ ಹಾಕೋ ಹಾಲೇನ್ರೀ ಮೇಷ್ಟ್ರೇ? ಮೊಮ್ಮಕ್ಳಿಗೆ ಒಂದೊಂದು ಲೋಟ, ಚಾಕ್ಕೆ ಒಂದಿಷ್ಟು, ಪಕ್ಕದ್ಮನಿ ಕೂಸಿಗೆ ಒಂದು ಬಟ್ಲು. ಅಷ್ಟೇ ನೋಡ್ರಿ.”

ಮನೆಗೆ ಹಿಂದಿರುಗುವಾಗ ದಾರಿಯಲ್ಲಿ ನಾವು ಮನಸ್ಸಿನಲ್ಲಿಯೇ ಲೆಕ್ಕಹಾಕಿದೆವು. ಒಂದು ಆಡು ದಿನಕ್ಕೆ ಅರ್ಧ ಲೀಟರಿನಂತೆ 120 ದಿನ ಕರೆದರೆ 60 ಲೀಟರ್. ಮೂರು ಆಡುಗಳು ವರ್ಷಕ್ಕೆ ಒಮ್ಮೆ ಈದರೂ 180 ಲೀಟರ್. ಒಂದು ಲೋಟಕ್ಕೆ 150 ಮಿಲಿಲೀಟರಿನಂತೆ ಅದು 1,200 ಲೋಟ ಹಾಲು. ಒಂದು ಓಣಿಯ ಒಂದು ಮನೆಯಲ್ಲಿ ಒಂದು ವರ್ಷದಲ್ಲಿ ಮಕ್ಕಳು ಕುಡಿದ 1,200 ಲೋಟ ಹಾಲು ಯಾವ ಖಾತೆಯಲ್ಲಿಯೂ ಇಲ್ಲ, ಯಾವ ವರದಿಯಲ್ಲಿಯೂ ಇಲ್ಲ. ಇಂಥ ಮನೆಗಳು ಎಷ್ಟು, ಇಂಥ ವರ್ಷಗಳು ಎಷ್ಟು! ಚರಿತ್ರೆಯನ್ನು ಪಾಠಹೇಳುವ ನಮಗೆ ಆ ಸಂಜೆ ಸ್ವಲ್ಪ ನಾಚಿಕೆಯೇ ಆಯಿತು.

ಆಡಿನ ಹಾಲನ್ನು ದೇಶದ ದೃಷ್ಟಿಗೆ ತಂದವರು ಮಹಾತ್ಮಾ ಗಾಂಧಿಯವರು. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಅವರು ಹಾಲನ್ನು ಬಿಟ್ಟಿದ್ದರು. ಆಕಳು ಎಮ್ಮೆಗಳಿಂದ ಹೆಚ್ಚು ಹಾಲನ್ನು ಸೆಳೆಯಲು ಕಲ್ಕತ್ತೆಯ ಗೌಳಿಗರು ನಡೆಸುತ್ತಿದ್ದ ಕ್ರೂರ ವಿಧಾನವು ಆ ನಿರ್ಧಾರಕ್ಕೆ ಒಂದು ಕಾರಣ. 1918ರಲ್ಲಿ ಕಠಿನವಾದ ಆಮಶಂಕೆಯಿಂದ ನರಳಿ, ಮರುವರ್ಷದ ಆರಂಭದಲ್ಲಿಯೂ ಚೇತರಿಸಿಕೊಳ್ಳದೆ ಇದ್ದಾಗ, ಹಾಲಿಲ್ಲದೆ ಮೈ ಕೂಡದೆಂದು ವೈದ್ಯರು ಹೇಳಿದರು. ವ್ರತವು ಆಕಳು ಎಮ್ಮೆಗಳ ಹಾಲಿಗೆ ತಾನೇ, ಆಡಿನ ಹಾಲಿಗೇನು ಅಡ್ಡಿ ಎಂದು ದಾರಿ ತೋರಿದವರು ಕಸ್ತೂರಬಾ. ಗಾಂಧಿಯವರು ಒಪ್ಪಿದರು, ಆದರೆ ವ್ರತದ ಅಕ್ಷರವನ್ನು ಉಳಿಸಿಕೊಂಡು ಆತ್ಮವನ್ನು ಬಿಟ್ಟೆನೆಂಬ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲವೆಂಬುದು ಅವರ ಆತ್ಮಕಥೆಯನ್ನು ಓದಿದವರಿಗೆ ತಿಳಿದೇ ಇದೆ. ಅಡುಗೆಮನೆಯ ಅರಿವು ಮನೆಯ ಹೆಂಗಸಿನಿಂದಲೇ ಬಂದಿತೆಂಬುದು ನಮ್ಮ ವಿಷಯಕ್ಕೆ ಮುಖ್ಯ.

1927ರಲ್ಲಿ ಅನಾರೋಗ್ಯದ ನಿಮಿತ್ತ ಗಾಂಧಿಯವರು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲವು ತಿಂಗಳು ತಂಗಿದ್ದರು. ಆಗ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ದನಗಳ ಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತರು. ತಾವು ಕುಡಿಯುವುದು ಆಡಿನ ಹಾಲು, ಅಭ್ಯಾಸಮಾಡುವುದು ಆಕಳಿನ ಪಾಲನೆ! ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸಂಸ್ಥಾನದ ಪ್ರವಾಸದಲ್ಲಿ ದಾವಣಗೆರೆಗೂ ಬಂದರು. 1934ರ ಹರಿಜನ ಪ್ರವಾಸದಲ್ಲಿ ಮತ್ತೊಮ್ಮೆ ಈ ಕಡೆಗೆ ಬಂದರು. ಅವರು ಹೋದ ಊರುಗಳಲ್ಲೆಲ್ಲ ಆಡಿನ ಹಾಲನ್ನು ಒದಗಿಸುವುದು ಸ್ವಾಗತಕಾರರ ಹೊಣೆಯಾಗಿದ್ದಿತು. ಬಡವರ ಹಿತ್ತಿಲಿನಲ್ಲಿದ್ದ ಹಾಲಿಗಾಗಿ ಊರಿನ ಗಣ್ಯರು ಓಡಾಡಿದ ಕಾಲವದು. ಆದರೆ ಅತಿಥಿಯು ರೈಲು ಹತ್ತಿದ ಮೇಲೆ ಆಡು ಮತ್ತೆ ತನ್ನ ಬೇಲಿಗೆ ಹಿಂದಿರುಗಿತು.

ಹೊಗಳಿಕೆಯ ಭರದಲ್ಲಿ ಸತ್ಯವನ್ನು ಮರೆಯಬಾರದು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬಹುಕಾಲ ಆಡುಗಳನ್ನು ಮನೆಬಾಗಿಲಿಗೆ ಹೊಡೆದುತಂದು ಅಲ್ಲಿಯೇ ಕರೆದುಕೊಡುತ್ತಿದ್ದರು. ಅಲ್ಲಿನ ಬ್ರಿಟಿಷ್ ಸಿಪಾಯಿಗಳನ್ನು ಒಂದು ಬಗೆಯ ಬಿಟ್ಟುಬಿಟ್ಟು ಬರುವ ಜ್ವರವು ಕಾಡುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಅದರ ರೋಗಾಣುವನ್ನು ಬೇರ್ಪಡಿಸಿದರು. ಅದು ಆರೋಗ್ಯವಾಗಿ ಕಾಣುವ ಆಡುಗಳ ಮೈಯಲ್ಲಿದೆಯೆಂಬುದನ್ನು 1905ರಲ್ಲಿ ಥೆಮಿಸ್ಟೊಕ್ಲೀಸ್ ಜಮಿತ್ ಎಂಬ ಮಾಲ್ಟಾದ ವೈದ್ಯರು ತೋರಿಸಿಕೊಟ್ಟರು. ಮರುವರ್ಷ ಸಿಪಾಯಿಗಳಿಗೆ ಆಡಿನ ಹಾಲನ್ನು ನಿಲ್ಲಿಸಿದೊಡನೆ ಜ್ವರವೂ ಇಳಿಯಿತು. ಬ್ರೂಸೆಲ್ಲೋಸಿಸ್ ಎಂದು ಇಂದು ಕರೆಯುವ ಆ ರೋಗವು ನಮ್ಮ ನಾಡಿನಲ್ಲಿಯೂ ಇದೆ. ಕರೆದ ಬಿಸಿಹಾಲನ್ನು ಹಾಗೆಯೇ ಕುಡಿದರೆ ಶಕ್ತಿಯೆಂಬ ನಂಬಿಕೆಯನ್ನು ಬಿಟ್ಟು, ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು. ಇನ್ನೊಂದು ಸಂಗತಿ: ಈ ಹಾಲಿನಲ್ಲಿ ರಕ್ತವೃದ್ಧಿಗೆ ಬೇಕಾದ ಫೋಲೇಟ್ ಎಂಬ ಜೀವಸತ್ತ್ವವು ಅತ್ಯಲ್ಪ. ಬೇರೆ ಆಹಾರವಿಲ್ಲದೆ ಇದೊಂದನ್ನೇ ಕುಡಿಸಿದ ಕೂಸುಗಳಿಗೆ ರಕ್ತಹೀನತೆ ಬರುವುದನ್ನು 1920ರ ದಶಕದಲ್ಲಿ ಜರ್ಮನಿಯ ವೈದ್ಯರು ಕಂಡರು. ಆದುದರಿಂದ ಇದು ಎದೆಹಾಲಿಗೆ ಬದಲಾಗದು. ರೊಟ್ಟಿ ಅನ್ನ ಸೊಪ್ಪುಗಳನ್ನು ತಿನ್ನುವ ಮಕ್ಕಳ ಊಟಕ್ಕೆ ಮಾತ್ರ ಒಳ್ಳೆಯ ಜೊತೆ. ಡೆಂಗೆ ಜ್ವರದ ಕಾಲದಲ್ಲಿ ಪಟ್ಟಣಿಗರು ಇದಕ್ಕಾಗಿ ಹುಡುಕಾಡುವುದನ್ನೂ ಕಾಣುತ್ತೇವೆ. ಅದರಿಂದ ರೋಗ ಗುಣವಾಗುತ್ತದೆಂಬುದಕ್ಕೆ ದೃಢವಾದ ಆಧಾರವಿಲ್ಲ.

ಕಳೆದ ಒಂದು ಶತಮಾನದಲ್ಲಿ ನಮ್ಮ ಸೀಮೆಯ ರೂಪವೇ ಬದಲಾಯಿತು. 1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದುವು. ಹಳ್ಳಿಯಿಂದ ಬಂದ ಕೂಲಿಕಾರರ ಕೇರಿಗಳು ಬೆಳೆದುವು. 1960ರ ದಶಕದಲ್ಲಿ ಭದ್ರಾ ಜಲಾಶಯದ ನಾಲೆಗಳಲ್ಲಿ ನೀರು ಹರಿಯಿತು. ಜೋಳ ಹತ್ತಿಗಳ ಹೊಲಗಳು ಭತ್ತದ ಗದ್ದೆಗಳಾದುವು. ಊರಿಗೆ ಸಂಪತ್ತು ಬಂದಿತು, ಸಂದೇಹವಿಲ್ಲ. ಆದರೆ ಬೀಳುಭೂಮಿ ಇಲ್ಲದೆಯಾಯಿತು, ಬೇಲಿಯ ಬಾರೆ ಜಾಲಿಗಳು ಮಾಯವಾದುವು. ಒಣನೆಲದ ಪ್ರಾಣಿಯಾದ ಆಡಿಗೆ ಗದ್ದೆಯ ಕೆಸರು ಹಿಡಿಸದು. ನಾಲೆಯ ಅಂಚಿನ ಬಸವನಹುಳುಗಳಿಂದ ಹರಡುವ ಯಕೃತ್ತಿನ ಹುಳುವಿನ ಬಾಧೆಯೂ ನೀರಾವರಿಯೊಡನೆ ಬರುವಂಥದು. ಅತ್ತ ಅರಣ್ಯ ಇಲಾಖೆಯು ಆಡನ್ನು ಕಾಡಿನ ಶತ್ರುವೆಂದೇ ನೋಡಿತು. 1952ರ ರಾಷ್ಟ್ರೀಯ ಅರಣ್ಯ ನೀತಿಯಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ಮಾತುಗಳೇ ಇವೆ. ಆಡು ಎಳೆಯ ಸಸಿಯ ಕುಡಿಯನ್ನು ಚಿವುಟುತ್ತದೆಂಬುದು ಸುಳ್ಳಲ್ಲ. ಆದರೆ ಹಿತ್ತಿಲಿನ ಮೂರು ಆಡುಗಳಿಗೂ ಬೆಟ್ಟವನ್ನೇರುವ ಮುನ್ನೂರರ ಹಿಂಡಿಗೂ ಭೇದವನ್ನು ಎಣಿಸದ ನ್ಯಾಯವು ಅರ್ಧ ನ್ಯಾಯವೇ ಸರಿ.

ಈ ಹೊತ್ತಿಗೆ ಆಡಿನ ಎಣಿಕೆಯಂತೂ ಸರಿಯಾಗಿ ಆಗಿದೆ. 2019ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದುವು. ನಮ್ಮ ರಾಜ್ಯದಲ್ಲಿ ಅರುವತ್ತು ಲಕ್ಷಕ್ಕೂ ಮೇಲೆ. ಆದರೂ ದೇಶದ ಒಟ್ಟು ಹಾಲಿನಲ್ಲಿ ಆಡಿನ ಪಾಲು ನೂರಕ್ಕೆ ಮೂರರಷ್ಟೆಂದು ಅಂದಾಜು. ಹಳ್ಳಿಯ ಹಾಲು ಉತ್ಪಾದಕರ ಸಂಘದ ಕ್ಯಾನಿಗೆ ಬೀಳುವುದು ಆಕಳು ಎಮ್ಮೆಗಳ ಹಾಲು. ಆಡಿಗೆ ಬೆಲೆಯನ್ನು ತಂದದ್ದು ಹಾಲಲ್ಲ, ಮಾಂಸ. ದಾವಣಗೆರೆಯ ನಗರದೇವತೆಯಾದ ದುಗ್ಗಮ್ಮನ ಜಾತ್ರೆಯು ಎರಡು ವರ್ಷಕ್ಕೊಮ್ಮೆ ಬಂದಾಗ ಸಂತೆಯಲ್ಲಿ ಕುರಿ ಆಡುಗಳ ಧಾರಣೆ ಹೇಗೆ ಏರುತ್ತದೆಂಬುದನ್ನು ಊರಿನವರೆಲ್ಲ ಬಲ್ಲರು. ಗಂಡುಮರಿಯನ್ನು ಮಾರಿ ಶಾಲೆಯ ಶುಲ್ಕವನ್ನು ಕಟ್ಟುವುದು, ಹೆಣ್ಣುಮರಿಯನ್ನು ಉಳಿಸಿಕೊಂಡು ಹಾಲು ಕರೆಯುವುದು: ಇದೇ ಬಡವರ ಮನೆಯ ಆಯವ್ಯಯ.

ಈಗ ಹೊಸದೊಂದು ಗಾಳಿ ಬೀಸುತ್ತಿದೆ. ಓದಿದವರು, ನೌಕರಿಯಲ್ಲಿರುವವರು, ಊರಿನ ಅಂಚಿನಲ್ಲಿ ಒಂದಿಷ್ಟು ನೆಲವನ್ನು ಕೊಂಡು ಅಟ್ಟಣೆಯ ಕೊಟ್ಟಿಗೆ ಕಟ್ಟಿಸಿ ಆಡುಗಳನ್ನು ಸಾಕತೊಡಗಿದ್ದಾರೆ. ಕೆಲವರಿಗೆ ಅದು ಹವ್ಯಾಸ, ಕೆಲವರಿಗೆ ಆದಾಯ. ದೊಡ್ಡ ಪಟ್ಟಣಗಳಲ್ಲಿ ಆಡಿನ ಹಾಲಿಗೆ ಆಕಳ ಹಾಲಿಗಿಂತ ಎಷ್ಟೋ ಹೆಚ್ಚಿನ ಬೆಲೆಯಿದೆ. ಶೀತಯಂತ್ರವೂ ಮೋಟಾರು ದಾರಿಯೂ ಬಂದುದರಿಂದ, ಬೆಣ್ಣೆಯಾಗದ ಹಾಲು ಸಹ ದೂರ ಪ್ರಯಾಣಮಾಡಬಹುದು. ಸಾವಿರಾರು ವರ್ಷ ಮನೆಯೊಳಗೇ ಉಳಿದಿದ್ದ ಹಾಲು ಈಗ ಲೆಕ್ಕಕ್ಕೆ ಬರುವ ಕಾಲ ಸಮೀಪಿಸಿದೆ. ಇದು ಸಂತೋಷಪಡಬೇಕಾದ ವಿಷಯವೇ?

ಇಲ್ಲಿ ಬೆಣ್ಣೆಯ ಚರಿತ್ರೆಯು ನಮಗೆ ಒಂದು ಪಾಠವನ್ನು ಹೇಳುತ್ತದೆ. ಹಿಂದೆ ಬೆಣ್ಣೆ ಪೇಟೆಗೆ ಹೋಯಿತು, ಮಜ್ಜಿಗೆ ಮನೆಯಲ್ಲಿ ಉಳಿಯಿತು. ಕಡೆದವಳ ಮಕ್ಕಳಿಗೆ ಬೆಣ್ಣೆ ಸಿಕ್ಕದಿದ್ದರೂ ಮಜ್ಜಿಗೆಯಾದರೂ ಸಿಕ್ಕಿತು. ಮುಂದೆ ಹಾಲೇ ಡೈರಿಗೆ ಹೋಗತೊಡಗಿದಾಗ ಮಜ್ಜಿಗೆಯೂ ಕಡಮೆಯಾಯಿತು. ಆದರೆ ಹಣ ಬಂದಿತು, ಆ ಹಣದಿಂದ ಎಷ್ಟೋ ಮನೆಗಳು ನಿಂತುವು. ಆಡಿನ ಹಾಲಿನಲ್ಲಿ ಈ ಎರಡಕ್ಕೂ ಭೇದವಿದೆ. ಅದು ಅರ್ಧ ಲೀಟರಿನ ವ್ಯವಹಾರ. ಆ ಅರ್ಧ ಲೀಟರ್ ಹೊರಕ್ಕೆ ಹೋದರೆ ಮನೆಯಲ್ಲಿ ಉಳಿಯುವ ಶೇಷವೆಂಬುದೇ ಇಲ್ಲ. ಇಷ್ಟು ಕಾಲ ಆ ಹಾಲನ್ನು ಮಕ್ಕಳ ಲೋಟದಲ್ಲಿ ಉಳಿಸಿದ್ದು ನಮ್ಮ ಔದಾರ್ಯವಲ್ಲ, ಸರ್ಕಾರದ ಯೋಜನೆಯೂ ಅಲ್ಲ. ಅದಕ್ಕೆ ಬೆಲೆಯಿಲ್ಲದಿದ್ದುದೇ ಅದನ್ನು ಉಳಿಸಿತು. ಬೆಲೆ ಬಂದ ಮೇಲೆ ಅದನ್ನು ಉಳಿಸುವವರು ಯಾರು?

ಮಾರಬೇಡವೆಂದು ಆ ಅಜ್ಜಿಗೆ ಹೇಳುವ ಅಧಿಕಾರ ನಮಗಿಲ್ಲ. ಪ್ರತಿ ತಿಂಗಳೂ ಸಂಬಳ ಎಣಿಸುವವರು ಬಡವರಿಗೆ ತ್ಯಾಗದ ಉಪದೇಶ ಮಾಡುವುದು ಸುಲಭ. ನಾವು ಹೇಳಬಹುದಾದುದು ಇಷ್ಟೆ. ಹವ್ಯಾಸಕ್ಕಾಗಿ ಆಡನ್ನು ಸಾಕುವವರು ಅದನ್ನು ಹೊಸ ಶೋಧವೆಂದು ತಿಳಿಯದೆ, ಹಿತ್ತಿಲಿನ ಹಳೆಯ ಗುರುಗಳ ಬಳಿಗೆ ಹೋಗಿ ಕಲಿಯಲಿ. ಊರಿನ ಗೋಮಾಳದಲ್ಲಿ, ನಾಲೆಯ ಏರಿಯಲ್ಲಿ ಬೇವು ಅಗಸೆಗಳನ್ನು ನೆಡುವಾಗ ಆಡಿನ ಪಾಲನ್ನೂ ನೆನೆಯಲಿ. ಪಶುವೈದ್ಯರ ಚುಚ್ಚುಮದ್ದು ಮುನ್ನೂರರ ಹಿಂಡಿನಂತೆ ಮೂರು ಆಡುಗಳ ಮನೆಗೂ ಸಲ್ಲಲಿ. ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯಳೊಬ್ಬಳನ್ನು ಕೂರಿಸಿಕೊಂಡು, ನೀನು ಚಿಕ್ಕವಳಿದ್ದಾಗ ಯಾವ ಹಾಲು ಕುಡಿದೆ, ಯಾರು ಕರೆದರು, ಯಾರಿಗೆ ಹಂಚಿದರು ಎಂದು ಕೇಳಿ ಬರೆದುಕೊಂಡು ಬರಲಿ. ಅಂಥ ನೂರು ಕಾಗದಗಳು ಕೂಡಿದರೆ, ಬುಕಾನನ್ನರಿಗೂ ರೈಸ್ ಸಾಹೇಬರಿಗೂ ದೊರೆಯದ ಒಂದು ಅಧ್ಯಾಯವು ನಮಗೆ ದೊರೆತಂತಾಗುತ್ತದೆ.

ಕಳೆದ ಬಾರಿ ಆ ಓಣಿಗೆ ಹೋದಾಗ ಅಜ್ಜಿಯ ಮೂರರಲ್ಲಿ ಒಂದು ಆಡು ಹೊಸದಾಗಿ ಈದಿತ್ತು, ಅವಳಿ ಮರಿಗಳು. ಪಕ್ಕದ ಮನೆಯ ಕೂಸು ಈಗ ನಡೆಯಲು ಕಲಿತು, ತಾನೇ ಬಟ್ಟಲನ್ನು ಹಿಡಿದು ಹಿತ್ತಿಲ ಬಾಗಿಲಿಗೆ ಬಂದು ನಿಂತಿತ್ತು. ಅಜ್ಜಿ ಹಾಲನ್ನು ಒಲೆಯ ಮೇಲೆ ಕಾಯಿಸಿ, ಆರಿಸಿ, ಅಳತೆಯಿಲ್ಲದೆ ಬಟ್ಟಲಿಗೆ ಸುರಿದರು. ನಾವು ನಮ್ಮ ಟಿಪ್ಪಣಿಯ ಪುಸ್ತಕವನ್ನು ತೆರೆದು ಆ ದಿನದ ತಾರೀಖನ್ನೂ ಆ ಒಂದು ಬಟ್ಟಲನ್ನೂ ಬರೆದುಕೊಂಡೆವು.